ಮಲ್ಲಿಗೆ ದರದಿಂದ ಶುರು ಮಾಡಿ: ಜಮೋವಿ ಕಲಿಯುವ ದಾರಿ

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಪ್ರತಿ ವರ್ಷ ಡೆಸರ್ಟೇಶನ್ ಬರೆಯುವವರಿಗೆ ಲೆಕ್ಕವಿಲ್ಲ. ನರ್ಸಿಂಗ್, ಎಂಎಸ್‌ಡಬ್ಲ್ಯು, ಎಂಬಿಎ, ಫಿಶರೀಸ್, ಮೆಡಿಕಲ್ ಪಿಜಿ, ಎಲ್ಲರಿಗೂ ಒಂದು ಹಂತದಲ್ಲಿ ಒಂದೇ ತಲೆಬಿಸಿ. ಡೇಟಾ ಕಲೆಕ್ಷನ್ ಮುಗಿದಿದೆ, ಎಕ್ಸೆಲ್ ಶೀಟ್ ತುಂಬಿದೆ, ಇನ್ನು ಅನಾಲಿಸಿಸ್ ಮಾಡುವುದು ಯಾರು? ಎಷ್ಟೋ ಮಂದಿ ಯಾರಿಗೋ ದುಡ್ಡು ಕೊಟ್ಟು ಮಾಡಿಸುತ್ತಾರೆ. ಟೇಬಲ್‌ಗಳು ರೆಡಿಯಾಗಿ ಬರುತ್ತವೆ, ಥೀಸಿಸ್‌ನಲ್ಲಿ ಕೂರುತ್ತವೆ. ವೈವಾದ ದಿನ "ಈ ಟೆಸ್ಟ್ ಯಾಕೆ ಹಾಕಿದಿರಿ?" ಎಂದು ಕೇಳಿದಾಗ ಬಾಯಿ ಕಟ್ಟಿಹೋಗುತ್ತದೆ.

ನನಗೆ ಇದು ನಿಜಕ್ಕೂ ಬೇಸರದ ವಿಷಯ. ಬಿಸಿಲಲ್ಲಿ ಮನೆಮನೆ ತಿರುಗಿ ಪ್ರಶ್ನೆ ಕೇಳಿದ್ದು ನೀವು. ವಾರ್ಡಿನಲ್ಲಿ ರಾತ್ರಿ ಡ್ಯೂಟಿ ನಡುವೆ ಫಾರಂ ತುಂಬಿಸಿದ್ದು ನೀವು. ಆ ಅಂಕಿ ಏನು ಹೇಳುತ್ತದೆ ಎಂದು ಮೊದಲು ನೋಡಬೇಕಾದವರೂ ನೀವೇ ಅಲ್ವಾ? ಅಂಕಿಅಂಶದ ಲೆಕ್ಕ ಮಾಡುವ ಜಮೋವಿಯಂಥ ಸಾಫ್ಟ್‌ವೇರ್ ಕಲಿಯುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಯಾವ ಬಟನ್ ಎಲ್ಲಿದೆ ಎಂಬುದು ಕೆಲವೇ ದಿನಗಳಲ್ಲಿ ಕೈಗೆ ಬರುತ್ತದೆ. ಟೈಮ್ ಹಿಡಿಯುವುದು ಬೇರೆ ಕೆಲಸ: ಶೀಟನ್ನು ಸರಿ ಮಾಡುವುದು, ಅದರ ಪ್ರತಿ ಸಾಲು ಏನು ಎಂದು ತಿಳಿದಿರುವುದು. ಹಾಗಾಗಿ ಇಲ್ಲಿ ಹೆಚ್ಚು ಮಾತು ಶೀಟಿನ ಬಗ್ಗೆಯೇ ಇದೆ.

ಯಾವ ಸಾಫ್ಟ್‌ವೇರ್?

ಕಾಲೇಜುಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಎಸ್‌ಪಿಎಸ್‌ಎಸ್. 1968ರಲ್ಲಿ ಹುಟ್ಟಿದ್ದು, 2009ರಲ್ಲಿ ಐಬಿಎಂ ಕೊಂಡುಕೊಂಡಿತು. ಒಳ್ಳೆಯದೇ, ಆದರೆ ದುಬಾರಿ. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಲೈಸೆನ್ಸ್ ಇದ್ದರೆ ಧಾರಾಳವಾಗಿ ಬಳಸಿ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಹೋಗುವ ಕ್ರ್ಯಾಕ್ ಮಾಡಿದ ಕಾಪಿ ಮಾತ್ರ ಬೇಡ. ಕಾನೂನಿನ ಮಾತು ಒಂದು ಕಡೆ ಇರಲಿ, ಥೀಸಿಸ್ ಇರುವ ಲ್ಯಾಪ್‌ಟಾಪಿಗೆ ವೈರಸ್ ಬಂದರೆ ಎಂತ ಮಾಡುತ್ತೀರಿ?

ಇನ್ನೊಂದು ಆರ್. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಶುರು ಮಾಡಿದ್ದು. ಇದರ 1.0 ಆವೃತ್ತಿ ಬಂದದ್ದು 2000ದ ಫೆಬ್ರವರಿಯಲ್ಲಿ. ಪೂರ್ತಿ ಉಚಿತ, ಬಹಳ ಶಕ್ತಿಯುತ. ಆದರೆ ಕೋಡ್ ಬರೆಯಬೇಕು. ಒಂದು ಕಾಮಾ ತಪ್ಪಿದರೂ ಕೆಂಪು ಅಕ್ಷರದಲ್ಲಿ ಎರರ್ ಬರುತ್ತದೆ. ಅಂಕಿಅಂಶವೂ ಹೊಸತು, ಕೋಡಿಂಗೂ ಹೊಸತು ಎನ್ನುವವರು ಮೊದಲ ವಾರದಲ್ಲೇ ಕೈಬಿಟ್ಟುಬಿಡುತ್ತಾರೆ.

ಹೊಸಬರಿಗೆ ನಾನು ಹೇಳುವುದು ಜಮೋವಿ. 2017ರಲ್ಲಿ ಶುರುವಾದ, ಉಚಿತವಾದ, ಓಪನ್ ಸೋರ್ಸ್ ಸಾಫ್ಟ್‌ವೇರ್. ಒಳಗೆ ಲೆಕ್ಕ ಮಾಡುವುದು ಆರ್, ಹೊರಗೆ ನಿಮಗೆ ಕಾಣುವುದು ಎಕ್ಸೆಲ್ ತರಹದ ಶೀಟು ಮತ್ತು ಮೆನು. ಎಡಗಡೆ ಡೇಟಾ, ಬಲಗಡೆ ಫಲಿತಾಂಶ. ಡೇಟಾದಲ್ಲಿ ಒಂದು ಅಂಕಿ ತಿದ್ದಿದರೆ ಬಲಗಡೆಯ ಟೇಬಲ್, ಗ್ರಾಫ್ ಎಲ್ಲಾ ತಾವಾಗಿ ಬದಲಾಗುತ್ತವೆ. ಕಲಿಯುವವರಿಗೆ ಇದರಷ್ಟು ಸಹಾಯ ಬೇರೆ ಇಲ್ಲ. ಏನು ಬದಲಿಸಿದರೆ ಏನಾಗುತ್ತದೆ ಎಂದು ಕಣ್ಣೆದುರೇ ಕಾಣುತ್ತದೆ.

ಜಮೋವಿಯ ವೆಬ್‌ಸೈಟಿಗೆ ಹೋದರೆ ಸಾಲಿಡ್ ಮತ್ತು ಕರೆಂಟ್ ಎಂಬ ಎರಡು ಆವೃತ್ತಿ ಕಾಣಬಹುದು. ಸಾಲಿಡ್ ಇಳಿಸಿಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಇನ್‌ಸ್ಟಾಲ್ ಮಾಡಲು ಆಗದವರಿಗೆ ಬ್ರೌಸರಿನಲ್ಲೇ ನಡೆಯುವ ಕ್ಲೌಡ್ ಆವೃತ್ತಿಯೂ ಉಂಟು. ಆದರೆ ಒಂದು ಎಚ್ಚರಿಕೆ. ರೋಗಿಗಳ ಮಾಹಿತಿಯನ್ನು ಯಾವ ಕ್ಲೌಡಿಗೂ ಹಾಕಬೇಡಿ. ಶೀಟಿನಲ್ಲಿ ಹೆಸರು, ಫೋನ್ ನಂಬರ್, ಆಸ್ಪತ್ರೆ ನಂಬರ್ ಇರಲೇಬಾರದು. ಬರೀ ಒಂದು ಸೀರಿಯಲ್ ನಂಬರ್ ಇರಲಿ. ಯಾವ ನಂಬರ್ ಯಾರದ್ದು ಎಂಬ ಪಟ್ಟಿ ಬೇರೆ ಕಡೆ, ಬೀಗದ ಒಳಗೆ ಇರಲಿ.

ಮೊದಲು ನಿಮಗೆ ಗೊತ್ತಿರುವ ಅಂಕಿ ಹಿಡಿಯಿರಿ

ಸಾಫ್ಟ್‌ವೇರ್ ಜೊತೆ ಬರುವ ಮಾದರಿ ಡೇಟಾದಲ್ಲಿ ಅಭ್ಯಾಸ ಮಾಡಬಹುದು. ಜಮೋವಿಯಲ್ಲೂ ಅಂಥದ್ದಿದೆ. ಆದರೆ ಎಲ್ಲೋ ದೂರದ ದೇಶದ ಹೂವಿನ ದಳದ ಉದ್ದ, ಯಾವುದೋ ಕಾಲದ ಕಾರಿನ ಮೈಲೇಜ್ ನೋಡಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಸರಾಸರಿ 12 ಬಂದರೂ ಸರಿ, 120 ಬಂದರೂ ಸರಿ ಅನಿಸುತ್ತದೆ. ಗೊತ್ತಿರುವ ವಿಷಯದ ಅಂಕಿ ಆದರೆ ಹಾಗಲ್ಲ. ನೋಡಿದ ಕೂಡಲೇ "ಇದು ಹೇಗೆ ಸಾಧ್ಯ?" ಎಂದು ಮನಸ್ಸು ಕೇಳುತ್ತದೆ.

ನಮ್ಮ ಕಡೆ ಇದಕ್ಕೆ ತುಂಬಾ ಚಂದದ ಒಂದು ಡೇಟಾ ದಿನಾ ಸಿಗುತ್ತದೆ: ಶಂಕರಪುರ ಮಲ್ಲಿಗೆಯ ದರ. ಉಡುಪಿ ಮಲ್ಲಿಗೆ ಎಂದು ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಇರುವ ಈ ಹೂವಿನ ದರ ಮದುವೆ, ಹಬ್ಬ, ನೇಮ, ಮಳೆ ಎಲ್ಲದರ ಜೊತೆ ಏರಿಳಿಯುತ್ತದೆ. ಯಾಕೆ ಏರಿತು, ಯಾಕೆ ಇಳಿಯಿತು ಎಂದು ಮನೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಒಂದೆರಡು ತಿಂಗಳ ದರ ಬರೆದಿಟ್ಟರೆ ಅಭ್ಯಾಸಕ್ಕೆ ಬೇಕಾದಷ್ಟಾಯಿತು. ಹಳೆಯ ಪೇಪರ್ ಮನೆಯಲ್ಲಿದ್ದರೆ ಅದರಿಂದಲೇ ತೆಗೆಯಬಹುದು.

ಎಕ್ಸೆಲ್ ತೆರೆದು ಐದು ಕಾಲಂ ಮಾಡಿ: ತಾರೀಕು, ದರ, ಅಳತೆ, ಮಳೆ, ವಿಶೇಷ. ಅಳತೆ ಅಂದರೆ ಆ ದರ ಅಟ್ಟೆಗೋ ಚೆಂಡಿಗೋ (ಮಲ್ಲಿಗೆ ಮಾರುವ ಎರಡು ಅಳತೆ) ಎಂದು. ಮಳೆ ಕಾಲಂನಲ್ಲಿ ಹೌದು ಅಥವಾ ಇಲ್ಲ. ವಿಶೇಷ ಅಂದರೆ ಅಂದು ಹಬ್ಬವೋ, ಮದುವೆ ಮುಹೂರ್ತವೋ, ಮಾಮೂಲಿ ದಿನವೋ ಎಂದು. ಒಂದು ದಿನಕ್ಕೆ ಒಂದು ಸಾಲು. ಮೇಲಿನ ಮೊದಲ ಸಾಲಿನಲ್ಲಿ ಕಾಲಂ ಹೆಸರು ಮಾತ್ರ. ಅದರ ಮೇಲೆ ಟೈಟಲ್ ಬೇಡ, ಸೆಲ್ ಮರ್ಜ್ ಮಾಡುವುದು ಬೇಡ, ಕೆಳಗೆ ಟೋಟಲ್ ಸಾಲು ಬೇಡ. ಬಣ್ಣದಲ್ಲಿ ಯಾವ ಮಾಹಿತಿಯನ್ನೂ ಇಡಬೇಡಿ. "ಹಳದಿ ಮಾಡಿದ್ದು ಹಬ್ಬದ ದಿನ" ಎನ್ನುವುದು ನಿಮಗೆ ಗೊತ್ತು, ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ.

ಟೈಪ್ ಮಾಡುವಾಗ ಇವಿಷ್ಟು ನೆನಪಿರಲಿ:

- ದರದ ಕಾಲಂನಲ್ಲಿ ಬರೀ ಅಂಕಿ. "ರೂ. 1,200" ಎಂದು ಬರೆದರೆ ಅದು ಅಕ್ಷರವಾಗಿಬಿಡುತ್ತದೆ. 1200 ಎಂದಷ್ಟೇ ಬರೆಯಿರಿ.
- ತಾರೀಕನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹಾಕಿ. 3/6 ಎಂದು ಬರೆದರೆ ಒಂದು ಕಂಪ್ಯೂಟರಿಗೆ ಜೂನ್ 3, ಇನ್ನೊಂದಕ್ಕೆ ಮಾರ್ಚ್ 6.
- ಸಿಎಸ್‌ವಿ ಫೈಲಾಗಿ ಸೇವ್ ಮಾಡುವಾಗ ಯುಟಿಎಫ್-8 ಎಂದಿರುವ ಆಯ್ಕೆಯನ್ನೇ ಒತ್ತಿ. ಇಲ್ಲದಿದ್ದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಎಕ್ಸೆಲ್ ಫೈಲನ್ನು ನೇರವಾಗಿ ಜಮೋವಿಯಲ್ಲಿ ತೆರೆದರೆ ಈ ತೊಂದರೆಯೇ ಇಲ್ಲ.
- ಒಂದು ಹೆಸರಿಗೆ ಒಂದೇ ಕಾಗುಣಿತ.

ಕೊನೆಯದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾಲೂಕಿನ ಕಾಲಂನಲ್ಲಿ ಒಂದು ಕಡೆ ಮಂಗಳೂರು, ಇನ್ನೊಂದು ಕಡೆ ಮ್ಯಾಂಗಲೋರ್ ಎಂದಿದ್ದರೆ ಸಾಫ್ಟ್‌ವೇರಿಗೆ ಅವು ಎರಡು ಊರು. ಹೆಸರಿನ ಹಿಂದೆ ಒಂದು ಸ್ಪೇಸ್ ಉಳಿದುಹೋದರೂ ಮೂರನೇ ಊರು ಹುಟ್ಟಬಹುದು. ನಮ್ಮ ಎರಡು ಜಿಲ್ಲೆಗಳಲ್ಲಿ ಇನ್ನೂ ಒಂದು ತೊಡಕಿದೆ. 2011ರ ಜನಗಣತಿಯ ಹೊತ್ತಿಗೆ ದಕ್ಷಿಣ ಕನ್ನಡದಲ್ಲಿ ಮಂಗಳೂರು, ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ ಎಂದು ಐದು ತಾಲೂಕು. ಉಡುಪಿಯಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಎಂದು ಮೂರು. ಆಮೇಲೆ ಮೂಡುಬಿದಿರೆ, ಕಡಬ, ಮೂಲ್ಕಿ, ಉಳ್ಳಾಲ, ಆ ಕಡೆ ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ಹೊಸ ತಾಲೂಕುಗಳಾದವು. ಜನಗಣತಿಯ "ಉಡುಪಿ ತಾಲೂಕು" ಮತ್ತು ಇವತ್ತಿನ "ಉಡುಪಿ ತಾಲೂಕು" ಒಂದೇ ಜಾಗ ಅಲ್ಲ. ಹಳೆಯ ಅಂಕಿ, ಹೊಸ ಅಂಕಿ ಪಕ್ಕಪಕ್ಕ ಇಟ್ಟು "ಜನಸಂಖ್ಯೆ ಕಡಿಮೆಯಾಗಿದೆ" ಎಂದು ಬರೆದರೆ ಅದು ಪೂರ್ತಿ ತಪ್ಪು. ಇಂಥದ್ದನ್ನು ಯಾವ ಸಾಫ್ಟ್‌ವೇರೂ ಹೇಳಿಕೊಡುವುದಿಲ್ಲ. ಇಲ್ಲಿನವರಾದ ನಿಮಗೇ ಗೊತ್ತಿರಬೇಕು.

ಜಮೋವಿಯಲ್ಲಿ ತೆರೆದ ಮೇಲೆ

ಎಡಗಡೆ ಮೇಲೆ ಮೂರು ಗೆರೆ ಇರುವ ಮೆನು ಒತ್ತಿ, ಓಪನ್‌ಗೆ ಹೋಗಿ ನಿಮ್ಮ ಫೈಲ್ ಆರಿಸಿ. ಶೀಟ್ ಬಂದ ಮೇಲೆ ಅನಾಲಿಸಿಸ್‌ಗೆ ಓಡಬೇಡಿ. ಪ್ರತಿ ಕಾಲಂನ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ. ಮೇಲೆ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ ಮೆಷರ್ ಟೈಪ್ ಎಂಬುದು ಮುಖ್ಯ. ಕಂಟಿನ್ಯುವಸ್ ಅಂದರೆ ಅಳೆಯುವ ಅಂಕಿ: ದರ, ವಯಸ್ಸು, ತೂಕ. ಆರ್ಡಿನಲ್ ಅಂದರೆ ಮೇಲು ಕೆಳಗೆ ಎಂಬ ಕ್ರಮ ಇರುವುದು: ಕಡಿಮೆ, ಮಧ್ಯಮ, ಜಾಸ್ತಿ. ನಾಮಿನಲ್ ಅಂದರೆ ಬರೀ ಗುಂಪಿನ ಹೆಸರು: ಅಟ್ಟೆ ಅಥವಾ ಚೆಂಡು, ಗಂಡು ಅಥವಾ ಹೆಣ್ಣು. ಸೀರಿಯಲ್ ನಂಬರಿಗೆ ಐಡಿ.

ಜಮೋವಿ ತಾನೇ ಅಂದಾಜು ಮಾಡಿ ಟೈಪ್ ಹಾಕಿರುತ್ತದೆ, ಆದರೆ ಅದನ್ನೇ ನಂಬಬೇಡಿ. ಫಾರಂನಲ್ಲಿ ಮತವನ್ನು (ಧರ್ಮವನ್ನು) 1, 2, 3 ಎಂದು ಕೋಡ್ ಮಾಡಿದ್ದರೆ ಅದು ಅಂಕಿಯಂತೆ ಕಂಡರೂ ಗುಂಪೇ. ಅದಕ್ಕೆ ಸರಾಸರಿ ತೆಗೆದು "ಸರಾಸರಿ ಮತ 1.7" ಎಂದು ಬರೆದರೆ ಅದಕ್ಕೆ ಅರ್ಥವೇ ಇಲ್ಲ. ದರದ ಕಾಲಂ ನಾಮಿನಲ್ ಎಂದು ಬಂದಿದ್ದರೆ ಎಲ್ಲೋ ಒಂದು ಸೆಲ್‌ನಲ್ಲಿ ಅಕ್ಷರ ಸೇರಿದೆ ಎಂದು ಅರ್ಥ. ಹುಡುಕಿ ತೆಗೆಯಿರಿ.

ಈಗ ಅಳತೆಯ ಕಾಲಂಗೆ ಬನ್ನಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕೆಲವು ದಿನ ಚೆಂಡಿನ ದರ ಬರೆದು, ಕೆಲವು ದಿನ ಅಟ್ಟೆಯ ದರ ಬರೆದಿದ್ದರೆ ಎರಡನ್ನೂ ಸೇರಿಸಿ ಸರಾಸರಿ ತೆಗೆಯುವಂತಿಲ್ಲ. ಡೇಟಾ ಟ್ಯಾಬಿನಲ್ಲಿ ಕಂಪ್ಯೂಟ್ ಒತ್ತಿದರೆ ಹೊಸ ಕಾಲಂ ಬರುತ್ತದೆ. ಅಲ್ಲಿ ಇಫ್ ಫಾರ್ಮುಲಾ ಹಾಕಿ: ಅಳತೆ ಚೆಂಡು ಆಗಿದ್ದರೆ ದರವನ್ನು ನಾಲ್ಕರಿಂದ ಗುಣಿಸು, ಇಲ್ಲದಿದ್ದರೆ ದರವನ್ನು ಹಾಗೇ ಇಡು. ಹಳೆಯ ಕಾಲಂ ಅಳಿಸಬೇಡಿ. ಮುಂದೆ ಸಂಶಯ ಬಂದರೆ ಮೂಲ ಅಂಕಿ ಕಣ್ಣೆದುರು ಇರುತ್ತದೆ.

ಖಾಲಿ ಸೆಲ್ ಮತ್ತು ಸೊನ್ನೆ

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಮಲ್ಪೆ ಬಂದರಿನಲ್ಲಿ ತಿಂಗಳಿಗೆ ಎಷ್ಟು ಬಂಗುಡೆ ಬಂತು ಎಂಬ ಪಟ್ಟಿ ನಿಮ್ಮ ಹತ್ತಿರ ಇದೆ ಎಂದುಕೊಳ್ಳಿ. ಜೂನ್, ಜುಲೈ ಎರಡೂ ಖಾಲಿ. ಯಾಕೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಗಳು ಮಾತ್ರ ಹೋಗುತ್ತವೆ. ಹಾಗಾದರೆ ಆ ಖಾಲಿ ಸೆಲ್‌ಗೆ ಸೊನ್ನೆ ಹಾಕಬೇಕೋ, ಖಾಲಿ ಬಿಡಬೇಕೋ?

ಅದು ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. "ವರ್ಷಕ್ಕೆ ಯಾಂತ್ರಿಕ ಬೋಟುಗಳಿಂದ ಒಟ್ಟು ಎಷ್ಟು ಮೀನು ಬಂತು?" ಎಂದಾದರೆ ಸೊನ್ನೆ ಸರಿ, ಬೋಟು ಹೋಗಿಲ್ಲ, ಮೀನು ಬಂದಿಲ್ಲ. "ಬೋಟು ಕಡಲಿಗೆ ಇಳಿದ ತಿಂಗಳಲ್ಲಿ ಸರಾಸರಿ ಎಷ್ಟು ಸಿಗುತ್ತದೆ?" ಎಂದಾದರೆ ಆ ಎರಡು ತಿಂಗಳು ಲೆಕ್ಕಕ್ಕೇ ಬರಬಾರದು, ಖಾಲಿ ಬಿಡಿ. ಇನ್ನು ನವೆಂಬರ್ ಖಾಲಿ ಇದ್ದು, ಕಾರಣ ಲೆಕ್ಕ ಬರೆಯುವವರು ರಜೆಯಲ್ಲಿದ್ದರು ಎಂದಾದರೆ ಅಲ್ಲಿ ಸೊನ್ನೆ ಹಾಕುವುದು ಸುಳ್ಳು ಲೆಕ್ಕ. ಮೂರೂ ಖಾಲಿ ಸೆಲ್‌ಗಳೇ, ಆದರೆ ಮೂರಕ್ಕೂ ಅರ್ಥ ಬೇರೆ. ಯಾವ ಸೆಲ್ ಯಾಕೆ ಖಾಲಿ ಎಂದು ಪಕ್ಕದ ಕಾಲಂನಲ್ಲಿ ಬರೆದಿಡಿ.

ಫಾರಂಗಳಲ್ಲಿ "ಉತ್ತರ ಇಲ್ಲ" ಎಂಬುದಕ್ಕೆ 99 ಎಂದು ಕೋಡ್ ಹಾಕುವ ಅಭ್ಯಾಸ ಉಂಟು. ವಯಸ್ಸಿನ ಕಾಲಂನಲ್ಲಿ ಹಾಗೆ ಮಾಡಿದರೆ ಉತ್ತರ ಕೊಡದ ಹುಡುಗಿಗೆ 99 ವರ್ಷವಾಗುತ್ತದೆ. ಕಾಲಂನ ಸೆಟಪ್‌ನಲ್ಲಿ ಮಿಸ್ಸಿಂಗ್ ವ್ಯಾಲ್ಯೂಸ್ ಎಂಬ ಜಾಗ ಇದೆ, ಅಲ್ಲಿ 99 ಎಂದು ತಿಳಿಸಿ. ಆಮೇಲೆ ಜಮೋವಿ ಅದನ್ನು ಲೆಕ್ಕದಿಂದ ಬಿಡುತ್ತದೆ.

ಮೊದಲು ಚಿತ್ರ, ಆಮೇಲೆ ಅಂಕಿ

ಅನಾಲಿಸಿಸ್ ಟ್ಯಾಬಿಗೆ ಹೋಗಿ ಎಕ್ಸ್‌ಪ್ಲೋರೇಶನ್, ಅದರೊಳಗೆ ಡಿಸ್ಕ್ರಿಪ್ಟಿವ್ಸ್ ಒತ್ತಿ. ದರದ ಕಾಲಂ ಅನ್ನು ವೇರಿಯಬಲ್ಸ್ ಪೆಟ್ಟಿಗೆಗೆ ಎಳೆದು ಹಾಕಿ. ಬಲಗಡೆ ಒಂದು ಟೇಬಲ್ ಬಂತು. ಅದರಲ್ಲಿ ಸರಾಸರಿಗಿಂತ ಮೊದಲು ನೋಡಬೇಕಾದ್ದು ಎಷ್ಟು ಸಾಲು ಇದೆ, ಎಷ್ಟು ಮಿಸ್ಸಿಂಗ್, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದು. ಟೈಪಿಂಗ್ ತಪ್ಪುಗಳು ಹೆಚ್ಚಾಗಿ ಕನಿಷ್ಠ, ಗರಿಷ್ಠದಲ್ಲೇ ಸಿಕ್ಕಿಬೀಳುತ್ತವೆ. ಕೆಳಗೆ ಪ್ಲಾಟ್ಸ್ ತೆರೆದು ಹಿಸ್ಟೋಗ್ರಾಂ, ಬಾಕ್ಸ್ ಪ್ಲಾಟ್ ಎರಡಕ್ಕೂ ಟಿಕ್ ಹಾಕಿ. ಸ್ಪ್ಲಿಟ್ ಬೈ ಪೆಟ್ಟಿಗೆಗೆ "ವಿಶೇಷ" ಕಾಲಂ ಹಾಕಿದರೆ ಹಬ್ಬದ ದಿನ, ಮುಹೂರ್ತದ ದಿನ, ಮಾಮೂಲಿ ದಿನ ಬೇರೆ ಬೇರೆಯಾಗಿ ಕಾಣುತ್ತದೆ.

ಸರಾಸರಿಯ ಮೇಲೆ ಕುರುಡು ನಂಬಿಕೆ ಯಾಕೆ ಬೇಡ ಎಂದು ನೋಡಲು ಒಂದು ವಾರದ ದರ ಹೀಗಿತ್ತು ಎಂದುಕೊಳ್ಳಿ (ಇವು ಅಭ್ಯಾಸಕ್ಕೆ ಹಾಕಿಕೊಂಡ ಅಂಕಿಗಳು): 400, 420, 450, 450, 480, 500, 1500. ಕೊನೆಯ ದಿನ ಹಬ್ಬ. ಸರಾಸರಿ ಸರಿಯಾಗಿ 600. ಆದರೆ ಆ ವಾರ ಒಂದು ದಿನವೂ ದರ 600ರ ಹತ್ತಿರ ಇರಲಿಲ್ಲ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದ್ದನ್ನು ತೆಗೆದರೆ 450, ಅದೇ ಮೀಡಿಯನ್. ಹೂ ಕೊಳ್ಳುವವರಿಗೆ "ಸಾಮಾನ್ಯವಾಗಿ ಎಷ್ಟು?" ಎಂದು ಹೇಳಲು ಇದೇ ಸರಿ. ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ನೋಡಿದರೆ ಸುಮಾರು 398. 600ರಿಂದ 398 ಆಚೆ ಈಚೆ ಅಂದರೆ 202ರಿಂದ 998. ಏಳರಲ್ಲಿ ಆರು ದಿನ 400 ಮತ್ತು 500ರ ನಡುವೆ ಇದ್ದ ದರಕ್ಕೆ ಈ ವಿವರಣೆ ಹೊಂದುತ್ತದಾ?

ಈಗ ಬೇಕೆಂದೇ ಒಂದು ತಪ್ಪು ಮಾಡಿ. 480 ಇದ್ದಲ್ಲಿ 4800 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಬಲಗಡೆ ಸರಾಸರಿ 1217ಕ್ಕೆ ಜಿಗಿಯುತ್ತದೆ. ಮೀಡಿಯನ್ 450ರಲ್ಲೇ ನಿಂತಿರುತ್ತದೆ. ಬಾಕ್ಸ್ ಪ್ಲಾಟಿನಲ್ಲಿ ಒಂದು ಚುಕ್ಕೆ ಎಲ್ಲೋ ಮೇಲೆ ಒಂಟಿಯಾಗಿ ಕಾಣುತ್ತದೆ. ಒಂದು ಸೊನ್ನೆ ಜಾಸ್ತಿಯಾದರೆ ಏನಾಗುತ್ತದೆ ಎಂದು ಹೀಗೆ ಕೈಯಾರೆ ಮಾಡಿ ನೋಡಿದವರು ಅದನ್ನು ಮರೆಯುವುದಿಲ್ಲ.

ದೂರ ನಿಂತ ಚುಕ್ಕೆ ಕಂಡ ಕೂಡಲೇ ಅಳಿಸುವುದೂ ತಪ್ಪು. 4800 ಟೈಪಿಂಗ್ ತಪ್ಪು, ಆದರೆ 1500 ನಿಜವಾದ ಹಬ್ಬದ ದರ. ಎರಡೂ ದೂರದ ಚುಕ್ಕೆಗಳೇ. ಮೂಲ ಕಾಗದಕ್ಕೆ ಹೋಗಿ ನೋಡಿ, ಆಮೇಲೆ ತೀರ್ಮಾನಿಸಿ. ಯಾವುದಾದರೂ ಸಾಲನ್ನು ಬಿಟ್ಟು ಲೆಕ್ಕ ನೋಡಬೇಕಾದರೆ ಡಿಲೀಟ್ ಮಾಡದೆ ಫಿಲ್ಟರ್ ಹಾಕಿ. ಬೇಕಾದಾಗ ಆನ್, ಬೇಡವಾದಾಗ ಆಫ್.

ಚಿತ್ರ ಮೊದಲು ಎನ್ನುವುದಕ್ಕೆ ಹಳೆಯ, ಗಟ್ಟಿ ಪುರಾವೆಯೂ ಇದೆ. 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೋಂಬ್ ಎಂಬ ಅಂಕಿಅಂಶ ತಜ್ಞರು ನಾಲ್ಕು ಪುಟ್ಟ ಡೇಟಾ ಪಟ್ಟಿ ಕೊಟ್ಟರು. ನಾಲ್ಕರದ್ದೂ ಸರಾಸರಿ ಒಂದೇ, ಕೋರಿಲೇಶನ್ (ಎರಡು ಅಂಕಿ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) ಸುಮಾರು 0.816, ಅದೂ ಒಂದೇ. ಗ್ರಾಫ್ ಹಾಕಿದರೆ ಮಾತ್ರ ಒಂದು ಸಾಮಾನ್ಯ ಹರಡುವಿಕೆ, ಒಂದು ಬಾಗಿದ ಗೆರೆ, ಇನ್ನೆರಡರಲ್ಲಿ ಒಂದೇ ಒಂದು ಚುಕ್ಕೆ ಇಡೀ ಲೆಕ್ಕವನ್ನು ಎಳೆದಾಡುತ್ತಿರುವುದು ಕಾಣುತ್ತದೆ. ಬಿಡುವಿದ್ದಾಗ ಆ ಅಂಕಿಗಳನ್ನು ಹುಡುಕಿ ಜಮೋವಿಗೆ ಹಾಕಿ ನೋಡಿ.

ಈಗ ಒಂದು ಟೆಸ್ಟ್

ಡೆಸರ್ಟೇಶನ್‌ಗಳಲ್ಲಿ ಮತ್ತೆ ಮತ್ತೆ ಬರುವುದು ಕೈ ಸ್ಕ್ವೇರ್, ಗುಂಪಾಗಿ ವಿಂಗಡಿಸಿದ ಎರಡು ವಿಷಯಗಳ ನಡುವೆ ಸಂಬಂಧ ಇದೆಯೇ ಎಂದು ನೋಡುವ ಟೆಸ್ಟ್. ಅದನ್ನೇ ತೆಗೆದುಕೊಳ್ಳೋಣ. ಮಲೇರಿಯಾ ಬಗ್ಗೆ ಒಂದು ಜಾಗೃತಿ ಕಾರ್ಯಕ್ರಮ ನಡೆಯಿತು ಎಂದುಕೊಳ್ಳಿ. ನೂರು ಜನರನ್ನು ಕೇಳಿದಿರಿ. ಕಾರ್ಯಕ್ರಮಕ್ಕೆ ಬಂದ 50 ಜನರಲ್ಲಿ 35 ಮಂದಿಗೆ ಸೊಳ್ಳೆ ಎಲ್ಲಿ ಮೊಟ್ಟೆ ಇಡುತ್ತದೆ ಎಂದು ಗೊತ್ತು, 15 ಮಂದಿಗೆ ಗೊತ್ತಿಲ್ಲ. ಬಾರದ 50 ಜನರಲ್ಲಿ 25 ಮಂದಿಗೆ ಗೊತ್ತು, 25 ಮಂದಿಗೆ ಗೊತ್ತಿಲ್ಲ. ಇದೂ ಅಭ್ಯಾಸದ ಅಂಕಿಯೇ.

ಅನಾಲಿಸಿಸ್‌ನಲ್ಲಿ ಫ್ರೀಕ್ವೆನ್ಸೀಸ್, ಅದರೊಳಗೆ ಇಂಡಿಪೆಂಡೆಂಟ್ ಸ್ಯಾಂಪಲ್ಸ್. ರೋಸ್ ಪೆಟ್ಟಿಗೆಗೆ "ಬಂದರು/ಬಂದಿಲ್ಲ", ಕಾಲಮ್ಸ್ ಪೆಟ್ಟಿಗೆಗೆ "ಗೊತ್ತು/ಗೊತ್ತಿಲ್ಲ". ಕೈ ಸ್ಕ್ವೇರ್ 4.17, ಪಿ ವ್ಯಾಲ್ಯೂ 0.041 ಬರುತ್ತದೆ. ವಾಡಿಕೆಯ ಗೆರೆಯಾದ 0.05ಕ್ಕಿಂತ ಕಡಿಮೆ, ಅಂದರೆ ಸಿಗ್ನಿಫಿಕೆಂಟ್ ಎಂದು ಬರೆದು ಮುಗಿಸಬಹುದು ಅನಿಸುತ್ತದೆ. ಸ್ವಲ್ಪ ನಿಲ್ಲಿ. ಇದೇ ಟೇಬಲನ್ನು ನಿಮ್ಮ ಗೆಳತಿ ಆರ್‌ನಲ್ಲಿ ಹಾಕಿದರೆ ಅವಳಿಗೆ 0.066 ಬರಬಹುದು. 0.05ಕ್ಕಿಂತ ಜಾಸ್ತಿ! ಇಬ್ಬರದ್ದೂ ತಪ್ಪಲ್ಲ. ಎರಡು ಸಾಲು, ಎರಡು ಕಾಲಂನ ಟೇಬಲಿಗೆ ಆರ್ ತಾನಾಗಿಯೇ ಕಂಟಿನ್ಯುಯಿಟಿ ಕರೆಕ್ಷನ್ ಎಂಬ ಸಣ್ಣ ತಿದ್ದುಪಡಿ ಹಾಕುತ್ತದೆ. ಜಮೋವಿ ನೀವು ಟಿಕ್ ಹಾಕಿದರೆ ಮಾತ್ರ ಹಾಕುತ್ತದೆ. ಟಿಕ್ ಹಾಕಿ ನೋಡಿ, 3.38 ಮತ್ತು 0.066 ನಿಮಗೂ ಬರುತ್ತದೆ.

ಡೇಟಾ ಒಂದೇ, ಜನ ಅವರೇ. ಒಂದು ಟಿಕ್‌ನಿಂದ "ಪರಿಣಾಮ ಇದೆ" ಎನ್ನುವುದು "ಇಲ್ಲ" ಆಗುತ್ತದೆ ಅಂದರೆ ಆ 0.05ರ ಗೆರೆಯನ್ನು ಎಷ್ಟು ನಂಬಬೇಕು ಎಂದು ಯೋಚಿಸಿ. ಪಿ ವ್ಯಾಲ್ಯೂ ಹೇಳುವುದು ಇಷ್ಟೇ: ನಿಜಕ್ಕೂ ವ್ಯತ್ಯಾಸ ಇಲ್ಲವೇ ಇಲ್ಲ ಎಂದಿದ್ದರೆ, ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ ಎಷ್ಟು. ಕಾರ್ಯಕ್ರಮ ಎಷ್ಟು ಉಪಯೋಗವಾಯಿತು ಎಂದು ಅದು ಹೇಳುವುದಿಲ್ಲ. ಅದಕ್ಕೆ ಬೇರೆ ಅಂಕಿ ಬೇಕು. ಬಂದವರಲ್ಲಿ ಶೇ. 70, ಬಾರದವರಲ್ಲಿ ಶೇ. 50, ವ್ಯತ್ಯಾಸ ಶೇಕಡಾ 20 ಅಂಶ. ಸ್ಟ್ಯಾಟಿಸ್ಟಿಕ್ಸ್ ವಿಭಾಗದಲ್ಲಿ ಡಿಫರೆನ್ಸ್ ಇನ್ ಪ್ರೊಪೋರ್ಶನ್ಸ್ ಮತ್ತು ಕಾನ್ಫಿಡೆನ್ಸ್ ಇಂಟರ್‌ವಲ್‌ಗೆ ಟಿಕ್ ಹಾಕಿದರೆ ಆ 20ರ ಸುತ್ತ ಸುಮಾರು 1ರಿಂದ 39ರವರೆಗಿನ ಹರವು ಸಿಗುತ್ತದೆ. ಅಂದರೆ ನಿಜವಾದ ಪ್ರಯೋಜನ ಬಹಳ ದೊಡ್ಡದೂ ಇರಬಹುದು, ಲೆಕ್ಕಕ್ಕೆ ಬಾರದಷ್ಟು ಸಣ್ಣದೂ ಇರಬಹುದು. ನೂರು ಜನರಿಂದ ಇಷ್ಟೇ ಹೇಳಲು ಸಾಧ್ಯ. ಥೀಸಿಸ್‌ನಲ್ಲಿ ಇದನ್ನು ಹೀಗೇ ಬರೆದರೆ ಪರೀಕ್ಷಕರಿಗೆ ನಿಮ್ಮ ಮೇಲೆ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇನ್ನೊಂದು ಪ್ರಶ್ನೆ ಸಾಫ್ಟ್‌ವೇರಿನ ಹೊರಗಿದೆ. ಕಾರ್ಯಕ್ರಮಕ್ಕೆ ಬಂದವರು ಯಾರು? ಮೊದಲೇ ಆರೋಗ್ಯದ ಬಗ್ಗೆ ಆಸಕ್ತಿ ಇದ್ದವರೇ ಬಂದಿದ್ದರೆ, ಅವರಿಗೆ ಗೊತ್ತಿದ್ದದ್ದು ಕಾರ್ಯಕ್ರಮದಿಂದಲೋ ಆಸಕ್ತಿಯಿಂದಲೋ ಹೇಗೆ ಹೇಳುವುದು? ಯಾವ ಟೆಸ್ಟೂ ಇದಕ್ಕೆ ಉತ್ತರ ಕೊಡುವುದಿಲ್ಲ. ನೀವು ಡೇಟಾ ತೆಗೆದ ರೀತಿಯೇ ಉತ್ತರ ಕೊಡಬೇಕು.

ಎರಡು ಗುಂಡಿಗಳು

ಮಲ್ಲಿಗೆಯ ಡೇಟಾ ಇಟ್ಟುಕೊಂಡು ಮಳೆಯ ದಿನ, ಬಿಸಿಲಿನ ದಿನ ಎಂದು ಎರಡು ಗುಂಪು ಮಾಡಿ, ಅವುಗಳ ಸರಾಸರಿ ಹೋಲಿಸುವ ಟಿ-ಟೆಸ್ಟ್ ಹಾಕೋಣ ಎಂದು ಮನಸ್ಸಾಗಬಹುದು. ಜಮೋವಿ ಖುಷಿಯಿಂದ ಮಾಡಿಕೊಡುತ್ತದೆ. ಆದರೆ ಟಿ-ಟೆಸ್ಟ್ ಪ್ರತಿ ಸಾಲನ್ನೂ ಬೇರೆ ಬೇರೆ, ಒಂದಕ್ಕೊಂದು ಸಂಬಂಧ ಇಲ್ಲದ್ದು ಎಂದು ಭಾವಿಸುತ್ತದೆ. ಹೂವಿನ ದರ ಹಾಗಲ್ಲ. ನಿನ್ನೆ ಏರಿದ್ದು ಇವತ್ತು ಒಮ್ಮೆಲೇ ಇಳಿಯುವುದು ಕಡಿಮೆ. ಹತ್ತಿರ ಹತ್ತಿರದ ದಿನಗಳು ಒಂದನ್ನೊಂದು ಹೋಲುತ್ತವೆ. 60 ದಿನದ ದರ ಇದ್ದರೂ 60 ಬೇರೆ ಬೇರೆ ಮಾಹಿತಿ ಇದ್ದಷ್ಟು ಬೆಲೆ ಅದಕ್ಕಿಲ್ಲ. ಹಾಗಾಗಿ ಪಿ ವ್ಯಾಲ್ಯೂ ಇರಬೇಕಾದ್ದಕ್ಕಿಂತ ಸಣ್ಣದಾಗಿ ಬಂದುಬಿಡುವ ಅಪಾಯ ಇದೆ. ದಿನದ ಮಳೆ, ದಿನದ ಮೀನಿನ ದರ, ಒಬ್ಬನೇ ರೋಗಿಯ ದಿನದಿನದ ಬಿಪಿ ಎಲ್ಲಕ್ಕೂ ಇದೇ ಮಾತು. ಇಂಥ ಡೇಟಾವನ್ನು ಸದ್ಯಕ್ಕೆ ಗ್ರಾಫಿನಲ್ಲಿ ನೋಡಿ, ಮೀಡಿಯನ್ ಹೇಳಿ, ಅಲ್ಲಿಗೆ ನಿಲ್ಲಿಸಿ. ಅದಕ್ಕೆಂದೇ ಇರುವ ವಿಧಾನಗಳನ್ನು ಆಮೇಲೆ ಕಲಿಯಬಹುದು.

ಎರಡನೆಯ ಗುಂಡಿ, ಎಲ್ಲವನ್ನೂ ಎಲ್ಲದರ ಜೊತೆ ಟೆಸ್ಟ್ ಮಾಡುವುದು. ವಯಸ್ಸು, ಮತ, ಆದಾಯ, ಓದು, ಮನೆಯ ವಿಧ ಎಂದು ಒಂದೊಂದನ್ನೂ ಹಾಕುತ್ತಾ ಹೋಗಿ ಯಾವುದಕ್ಕೆ ಸ್ಟಾರ್ (ಸಿಗ್ನಿಫಿಕೆಂಟ್ ಎಂಬ ಗುರುತು) ಬರುತ್ತದೆ ಎಂದು ಕಾಯುವುದು. ನಿಜವಾಗಿ ಯಾವ ಸಂಬಂಧವೂ ಇಲ್ಲದ 20 ವಿಷಯಗಳನ್ನು ಹೀಗೆ ಬಿಡಿಬಿಡಿಯಾಗಿ ಟೆಸ್ಟ್ ಮಾಡಿದರೂ ಒಂದಾದರೂ 0.05ರ ಕೆಳಗೆ ಬರುವ ಸಾಧ್ಯತೆ ಸುಮಾರು ಶೇ. 64. ಯಾವ ಪ್ರಶ್ನೆಗೆ ಯಾವ ಟೆಸ್ಟ್ ಎಂದು ಡೇಟಾ ನೋಡುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟರೆ ಈ ಗುಂಡಿಗೆ ಬೀಳುವುದಿಲ್ಲ.

ಉಳಿಸುವುದು, ಮುಂದಕ್ಕೆ ಹೋಗುವುದು

ಜಮೋವಿಯಲ್ಲಿ ಸೇವ್ ಮಾಡಿದರೆ ಒಎಂವಿ ಫೈಲ್ ಆಗುತ್ತದೆ. ಡೇಟಾ, ನೀವು ಹಾಕಿದ ಟೆಸ್ಟ್, ಟೇಬಲ್, ಗ್ರಾಫ್ ಎಲ್ಲಾ ಅದರೊಳಗೇ ಇರುತ್ತದೆ. ಅದನ್ನು ಗೈಡ್‌ಗೆ ಕಳಿಸಿದರೆ ಅವರು ತೆರೆದು, ನೀವು ಯಾವುದಕ್ಕೆ ಟಿಕ್ ಹಾಕಿದ್ದೀರಿ ಎಂಬುದನ್ನೂ ನೋಡಬಹುದು. ಮೂಲ ಎಕ್ಸೆಲ್ ಫೈಲ್ ಬೇರೆಯೇ ಇರಲಿ, ಅದನ್ನು ಮುಟ್ಟಬೇಡಿ.

ಕೈ ಕುದುರಿದ ಮೇಲೆ ಬಲಗಡೆ ಮೇಲಿನ ಮೂರು ಚುಕ್ಕೆಯ ಮೆನುವಿನಲ್ಲಿ ಸಿಂಟ್ಯಾಕ್ಸ್ ಮೋಡ್ ಆನ್ ಮಾಡಿ. ನೀವು ಮೌಸಿನಲ್ಲಿ ಮಾಡಿದ ಪ್ರತಿ ಕೆಲಸಕ್ಕೂ ಆರ್ ಕೋಡ್ ಏನು ಎಂದು ಅಲ್ಲೇ ಕಾಣಿಸುತ್ತದೆ. ಆರ್ ಕಡೆ ಹೋಗಬೇಕು ಎನ್ನುವವರಿಗೆ ಇದಕ್ಕಿಂತ ಸಲೀಸಾದ ದಾರಿ ನನಗೆ ಕಂಡಿಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟುಟೋರಿಯಲ್‌ನಲ್ಲಿ ಆರ್ ಪಾಠಗಳು ಉಚಿತವಾಗಿ ಸಿಗುತ್ತವೆ.

ಅಭ್ಯಾಸಕ್ಕೆ ಇನ್ನಷ್ಟು ಊರಿನ ಡೇಟಾ ಬೇಕಾದರೆ ಜನಗಣತಿಯ ಜಿಲ್ಲಾ ಕೈಪಿಡಿಗಳಿವೆ, ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಪ್ರಕಟಣೆಗಳಿವೆ. ಮೀನಿನ ಲೆಕ್ಕಕ್ಕೆ ಕೊಚ್ಚಿಯಲ್ಲಿ ಮುಖ್ಯ ಕಚೇರಿ, ಮಂಗಳೂರಿನಲ್ಲಿ ಕೇಂದ್ರ ಇರುವ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ). ಅವರು ಎಲ್ಲಾ ಬೋಟುಗಳ ಮೀನನ್ನೂ ತೂಗುವುದಿಲ್ಲ. ಬಂದರು, ದಿನ, ಬೋಟುಗಳನ್ನು ಕ್ರಮಬದ್ಧವಾಗಿ ಆರಿಸಿ, ಅದರಿಂದ ಒಟ್ಟು ಎಷ್ಟು ಎಂದು ಅಂದಾಜು ಮಾಡುತ್ತಾರೆ. ಆ ವಿಧಾನದ ವಿವರಣೆ ಓದಿದರೆ ಸ್ಯಾಂಪ್ಲಿಂಗ್ ಪಾಠ ಅರ್ಧ ಮುಗಿದಂತೆ.

ಎಲ್ಲಾ ಸ್ವಂತವಾಗಿ ಮಾಡಿದರೂ ಸ್ಟ್ಯಾಟಿಸ್ಟಿಕ್ಸ್ ತಿಳಿದವರನ್ನು ಒಮ್ಮೆ ಕಾಣಲೇಬೇಕು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರ ವಿಭಾಗವೇ ಉಂಟು. ನಿಮ್ಮ ಕಾಲೇಜಿನಲ್ಲೂ ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ. ಆದರೆ ಹೋಗಬೇಕಾದ ಸಮಯ ಡೇಟಾ ಕಲೆಕ್ಷನ್‌ಗೆ ಮೊದಲು. ಎಷ್ಟು ಜನರನ್ನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದು ಆಗಲೇ ತೀರ್ಮಾನವಾಗಬೇಕು. ಹೋಗುವಾಗ ನಿಮ್ಮ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಬರೆದುಕೊಂಡು ಹೋಗಿ. ಖಾಲಿ ಫಾರಂ ಒಂದು, ನಾಲ್ಕೈದು ಸಾಲು ಸುಳ್ಳು ಅಂಕಿ ತುಂಬಿದ ಎಕ್ಸೆಲ್ ಶೀಟ್ ಒಂದು ಜೊತೆಗಿರಲಿ. ಶೀಟಿನ ಕಾಲಂಗಳನ್ನು ನೋಡಿದ ಕೂಡಲೇ ಅವರು "ಇದೊಂದು ಕಾಲಂ ಬಿಟ್ಟುಹೋಗಿದೆ" ಎಂದು ಹೇಳಬಲ್ಲರು, ಮತ್ತು ಆಗ ಅದನ್ನು ಸೇರಿಸಲು ಇನ್ನೂ ಟೈಮ್ ಇರುತ್ತದೆ.